ಸವಕಳಿ

ಹಳೆಯ ಜಿನ್ನಿಂಗ್ ಮಿಲ್ಲಿನ ಗೋದಾಮಿನ ಮೇಲೆ ನಮ್ಮ ಕಾಲೇಜು.
ನಾಲ್ಕು ಕೋಣೆ, ಮೂರು ಫ್ಯಾನು, ತಿರುಗುವುದು ಒಂದು.
ಕಿಟಕಿ ತೆರೆದರೆ ಹತ್ತಿಯ ಎಳೆ ಹಾರಿ ಬಂದು
ಎಣ್ಣೆ ಹಚ್ಚಿದ ಜಡೆಗಳಿಗೆ ಅಂಟುತ್ತಿತ್ತು.
ಬಿ.ಕಾಂ. ಮೊದಲ ವರ್ಷ, ಮೂವತ್ತೊಂದು ಮಂದಿ:
ಅರ್ಧ ಜನ ಬೆಟಗೇರಿಯ ನೇಕಾರರ ಮಕ್ಕಳು,
ಉಳಿದವರು ಬೇರೆಲ್ಲೂ ಸೀಟು ಸಿಗದವರು.
ನಾನು ಎರಡೂ.

ನದಾಫ ಸರ್ ಹಾಜರಿ ಕರೆಯುತ್ತಿರಲಿಲ್ಲ.
ಡಸ್ಟರಿನಿಂದ ಟೇಬಲ್ಲಿಗೆ ಒಮ್ಮೆ ಬಡಿದು
"ತೊಗೊಂಡಾವ?" ಅನ್ನುತ್ತಿದ್ದರು.
"ಡೆಬಿಟ್ರೀ!"
"ಕೊಟ್ಟಾವ?"
"ಕ್ರೆಡಿಟ್ರೀ!"
ಕೆಳಗೆ ಅಂಡಿಗೆ ಹೊರುವ ಹಮಾಲರೂ ನಮ್ಮ ಜೊತೆ ಕೂಗುತ್ತಿದ್ದರು,
ಅವರಿಗೂ ಬಾಯಿಪಾಠವಾಗಿತ್ತು.

ಪುಸ್ತಕದಲ್ಲಿ ಸವಕಳಿಯ ಲೆಕ್ಕಕ್ಕೆ ಒಂದು ಕಂಪನಿ,
ಅದಕ್ಕೊಂದು ಯಂತ್ರ, ಲಕ್ಷಗಟ್ಟಲೆ ಬೆಲೆ.
ಸರ್ ಪುಸ್ತಕ ಮುಚ್ಚಿ ಬೋರ್ಡಿನ ಮೇಲೆ ಬರೆದರು:
ರಾಜೇಸಾಬ ನದಾಫ ಇವರ ಕಮಾನು.
ಕೊಂಡದ್ದು ಅರವತ್ತೊಂದನೆಯ ಇಸವಿ. ಬೆಲೆ ರೂಪಾಯಿ ನಲವತ್ತು.
ವರ್ಷಕ್ಕೆ ನೂರಕ್ಕೆ ಹತ್ತು, ಉಳಿದದ್ದರ ಮೇಲೆ.

"ನಮ್ಮಪ್ಪ" ಅಂದರು.
ಪಿಂಜಾರ. ಹೆಗಲಿಗೆ ಕಮಾನು ಹಾಕಿಕೊಂಡು ಓಣಿ ಓಣಿ ತಿರುಗಿ
ಮಂದಿಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆ ಹಿಂಜಿ
ಮತ್ತೆ ತುಂಬಿ ಹೊಲಿಯುವವರು.
ಅಕ್ಷರ ಬಾರದು. ಯಾರ ಬಾಕಿ ಎಷ್ಟೆಂಬುದು
ಕಮಾನಿನ ಕಟ್ಟಿಗೆಯ ಮೇಲೆ ಚಾಕುವಿನ ಗೀರು:
ದೊಡ್ಡದು ರೂಪಾಯಿ, ಸಣ್ಣದು ನಾಲ್ಕಾಣೆ,
ಹಣ ಬಂದರೆ ಅಡ್ಡ ಒಂದು ಗೀರು.
"ಜಮಾ ಖರ್ಚು ನಾ ಕಾಲೇಜಿನ್ಯಾಗ ಕಲೀಲಿಲ್ಲ,
ಕತ್ತಲಾಗ ಬಳ್ಳೀಲೆ ತಡವಿ ಕಲತೆ.
ಅಡ್ಡಗೀರು ಬೀಳದವೇ ಭಾಳ ಇದ್ದು."

ಮೂವತ್ತಾರು.
ಮೂವತ್ತೆರಡು ನಲವತ್ತು.
ಇಪ್ಪತ್ತೊಂಬತ್ತು ಹದಿನಾರು.
ಪುಟ ತಿರುವಿದರೂ ಲೆಕ್ಕ ಮುಗಿಯಲೊಲ್ಲದು.
ಹಿಂದಿನ ಬೆಂಚಿನಿಂದ ಫಕ್ಕೀರೇಶ ಎದ್ದ:
"ಇದು ಸೊನ್ನಿ ಯಾವಾಗ ಆಗತೈತ್ರೀ ಸರ್?"
"ಆಗೂದಿಲ್ಲ. ಈ ಪದ್ಧತಿಯೊಳಗ ಆಗೂದಿಲ್ಲ."
"ಹಂಗಾರ ಗುಜರಿಗೆ ಹಾಕಿದ್ರ ಎಷ್ಟ ಬರತೈತ್ರೀ?"
ಎಲ್ಲರೂ ನಕ್ಕೆವು. ಸರ್ ಸಿಟ್ಟಾಗಲಿಲ್ಲ.
ಬೋರ್ಡಿನ ಕಡೆ ತಿರುಗಿ
ಒರೆಸಿದ ಜಾಗವನ್ನೇ ಬಹಳ ಹೊತ್ತು ಒರೆಸಿದರು.

ಆ ಸಲ ಕಾಲೇಜಿನ ಪರೀಕ್ಷೆಯಲ್ಲಿ ನನಗೆ ಮೂವತ್ನಾಲ್ಕು.
ಒಂದೇ ಒಂದು ಅಂಕ ಕೇಳಲು ಸ್ಟಾಫ್ ರೂಮಿಗೆ ಹೋದೆ.
"ಕೊಡಾಕ ಬರತೈತಿ. ಯಾರ ಖಾತೇಕ ಹಚ್ಚಲಿ?"
ಇವತ್ತಿಗೂ ಉತ್ತರ ಗೊತ್ತಿಲ್ಲ.

ಈಗ ಸ್ಟೇಷನ್ ರಸ್ತೆಯ ಫೋಮ್ ಗಾದಿಯ ಶೋರೂಮಿನಲ್ಲಿ
ಲೆಕ್ಕ ಬರೆಯುತ್ತೇನೆ, ಹನ್ನೆರಡು ವರ್ಷವಾಯಿತು.
ಪಿಂಜಾರರ ಅನ್ನ ತಿಂದ ಅಂಗಡಿ ಇದು ಅಂತ
ನನಗೆ ಹೊಳೆದದ್ದು ಮಾತ್ರ ಹೋದ ವಾರ,
ಸರ್ ಗಾಜಿನ ಬಾಗಿಲು ನೂಕಿ ಬಂದಾಗ.

ಹೆಂಡತಿಯ ಸೊಂಟಕ್ಕೆ, ಡಾಕ್ಟರು ಹೇಳಿದ್ದು.
ಎಲ್ಲರಂತೆ ಒತ್ತಿ ನೋಡಲಿಲ್ಲ ಅವರು, ಮೂಸಿ ನೋಡಿದರು.
ಬಿಲ್ಲು ಕೊಟ್ಟೆ. ಕನ್ನಡಕವನ್ನು ಹಣೆಗೇರಿಸಿ,
ಗಾದಿಗೆ ಹಚ್ಚಿದ ಬೆಲೆಯ ಚೀಟಿಯನ್ನೂ ನೋಡಿ,
"ನೂರಾ ಎಂಬತ್ತು ಹೆಚ್ಚಾತು.
ಒಂಬತ್ತರಿಂದ ಭಾಗ ಹೋಗತೈತಿ. ಅಂಕಿ ತಿರುಗ್ಯಾವ ನೋಡವಾ."
ಹೌದು. ಆರು ಸಾವಿರದ ಮುನ್ನೂರ ಐವತ್ತು
ನನ್ನ ಕೈಯಲ್ಲಿ ಐದುನೂರ ಮೂವತ್ತಾಗಿತ್ತು.
ನಾಲಿಗೆ ಕಚ್ಚಿಕೊಂಡೆ. ಹೊಸ ಬಿಲ್ಲು ಬರೆದೆ.
ನನ್ನ ಮುಖ ನೋಡಿದರು. ಹೆಸರು ನೆನಪಾಗಲಿಲ್ಲ.
"ಮೂವತ್ನಾಲ್ಕು" ಅಂದರು.

"ಕಮಾನು ಐತೇನ್ರೀ ಸರ್?"
"ಅಟ್ಟದ ಮ್ಯಾಲೆ ಐತಿ. ಈ ವರ್ಷ
ಐದು ಪೈಸಾಕ್ಕ ಬಂದೈತಿ."

ಆಟೋದ ನೆತ್ತಿಗೆ ಗಾದಿ ಏರಿಸಿ
ಹುಡುಗ ಹಗ್ಗ ಬಿಗಿದ.
ಸರ್ ಕೈ ಎತ್ತಿ
ಆ ಹಗ್ಗವನ್ನು ಒಂದು ಬೆರಳಿನಿಂದ ಮೀಟಿದರು.
ಬಸ್ಸಿನ ಗದ್ದಲ.
ಸದ್ದು ಬಂತೋ ಇಲ್ಲವೋ, ನನಗೆ ಕೇಳಲಿಲ್ಲ.